ಮಸಾಯಿ ಮಾರಾದಲ್ಲಿ ಒಂದು ವಾರ: ಕಾಡಿನ ಮಂದೆ, ನಮ್ಮ ಕೊಟ್ಟಿಗೆ

ಬೆಳೆಗಾರ ಬಂಧುಗಳಲ್ಲಿ ಬಹಳ ಮಂದಿಗೆ ಕಾಡುಪ್ರಾಣಿ ಎಂದೊಡನೆ ನೆನಪಿಗೆ ಬರುವುದು ನಷ್ಟದ ಲೆಕ್ಕ. ಆನೆ ಉರುಳಿಸಿದ ಅಡಿಕೆ ಮರ, ಕಾಟಿ ತುಳಿದ ಕಾಫಿ ಗಿಡ, ಮಂಗ ಕಿತ್ತ ಏಲಕ್ಕಿ. ಹೀಗಿರುವಾಗ ಹಣ ಕೊಟ್ಟು, ಸಮುದ್ರ ದಾಟಿ ಪ್ರಾಣಿ ನೋಡಲು ಹೋಗಬೇಕೇ ಎಂದು ಕೇಳಿದರೆ ತಪ್ಪಲ್ಲ. ಕಳೆದ ಆಗಸ್ಟಿನಲ್ಲಿ, ಅಡಿಕೆಗೆ ಬೋರ್ಡೋ ಹೊಡೆಯುವ ಎರಡು ಸುತ್ತಿನ ನಡುವಿನ ಬಿಡುವಿನಲ್ಲಿ, ಆರು ಮಂದಿ ಗೆಳೆಯರು ಕೀನ್ಯಾ ದೇಶದ ಮಸಾಯಿ ಮಾರಾ ವನ್ಯಧಾಮಕ್ಕೆ ಹೋಗಿ ಒಂದು ವಾರ ಇದ್ದು ಬಂದೆವು. ಎಲ್ಲರೂ ಒಂದು ಕಾಲಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ಓದಿದವರು. ನಾಲ್ವರು ತೋಟಗಾರರು, ಒಬ್ಬರು ನಿವೃತ್ತ ಅಧ್ಯಾಪಕರು, ಇನ್ನೊಬ್ಬರು ನಿವೃತ್ತ ಪಶುವೈದ್ಯರು. ಅಲ್ಲಿ ಕಂಡದ್ದರಲ್ಲಿ ನಮ್ಮ ಸದಸ್ಯರಿಗೆ ಉಪಯೋಗಕ್ಕೆ ಬರುವ ಸಂಗತಿಯೊಂದಿದೆ. ಅದಕ್ಕಾಗಿ ಈ ಲೇಖನ.

ಕಂಡದ್ದು

ಮಸಾಯಿ ಮಾರಾದ ವಿಸ್ತೀರ್ಣ ಸುಮಾರು ೧,೫೧೦ ಚದರ ಕಿಲೋಮೀಟರ್. ದಕ್ಷಿಣಕ್ಕೆ ಟಾಂಜಾನಿಯ ದೇಶದ ಸೆರೆಂಗೆಟಿ ಇದಕ್ಕೆ ಹೊಂದಿಕೊಂಡಿದೆ. ನಡುವೆ ಬೇಲಿ ಇಲ್ಲ. ನೈರೋಬಿಯಿಂದ ನರೋಕ್ ಊರಿನ ಮೇಲೆ ಹಾದು ಹೋಗಲು ನಮಗೆ ಆರು ಗಂಟೆ ಹಿಡಿಯಿತು. ಎತ್ತರ ಸುಮಾರು ೫,೦೦೦ ಅಡಿ. ಬೆಳಗಿನ ಚಳಿ ಬಾಬಾಬುಡನ್‌ಗಿರಿಯ ನೆನಪು ತರುವಂಥದು.

ನಾಗರಹೊಳೆಯಲ್ಲಿ ಅರ್ಧ ದಿನ ಕಾದು ಬಿದಿರು ಮೆಳೆಯ ಹಿಂದೆ ಕಾಟಿಯ ಬೆನ್ನನ್ನಷ್ಟೇ ಕಂಡು ಬರುವ ನಮಗೆ ಅಲ್ಲಿಯ ಬಯಲು ಬೇರೊಂದು ಲೋಕ. ಮರ ವಿರಳ, ಹುಲ್ಲು ಕಣ್ಣು ಹಾಯುವಷ್ಟು ದೂರ. ಮೊದಲ ಎರಡು ದಿನದಲ್ಲೇ ಸಿಂಹ, ಚೀತಾ, ಜಿರಾಫೆ, ನೀರಾನೆ ಎಲ್ಲವೂ ಕಂಡವು. ಅಲ್ಲಿಯ ಆನೆಗಳಲ್ಲಿ ಹೆಣ್ಣಿಗೂ ದಂತವುಂಟು, ಕಿವಿ ನಮ್ಮ ಆನೆಯದಕ್ಕಿಂತ ಬಹಳ ದೊಡ್ಡದು.

ಆದರೆ ಮೂರನೆಯ ದಿನದಿಂದ ನಮ್ಮ ಗಮನವನ್ನೆಲ್ಲ ಸೆಳೆದದ್ದು ವೈಲ್ಡ್‌ಬೀಸ್ಟ್ ಎಂಬ ಪ್ರಾಣಿ. ಎತ್ತಿನ ತಲೆ, ಕುದುರೆಯ ಕೇಸರ, ಹೋತದ ಗಡ್ಡ ಸೇರಿಸಿದಂತೆ ಅದರ ರೂಪ. ಸುಮಾರು ೧೩ ಲಕ್ಷ ವೈಲ್ಡ್‌ಬೀಸ್ಟ್‌ಗಳು ಮಳೆ ಮತ್ತು ಹುಲ್ಲನ್ನು ಅನುಸರಿಸಿ ಸೆರೆಂಗೆಟಿ ಬಯಲಲ್ಲಿ ವರ್ಷವಿಡೀ ಸುತ್ತುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಅವುಗಳಲ್ಲಿ ಬಹಳಷ್ಟು ಮಾರಾಕ್ಕೆ ಬರುತ್ತವೆ. ಮಾರಾ ನದಿಯ ದಡದಲ್ಲಿ ಒಂದಿಡೀ ಬೆಳಗು ಕಾದೆವು. ಸಾವಿರಾರು ಪ್ರಾಣಿಗಳು ಅಂಚಿಗೆ ಬಂದು, ಹಿಂಜರಿದು, ಮತ್ತೆ ಬಂದು, ಕೊನೆಗೆ ಒಂದು ಧುಮುಕಿದ ಕೂಡಲೇ ಎಲ್ಲವೂ ನೀರಿಗೆ ಬಿದ್ದವು. ಮೊಸಳೆಗೆ ಸಿಕ್ಕಿದ್ದು ಒಂದೋ ಎರಡೋ, ಉಳಿದವು ದಾಟಿದವು.

ಪಶುವೈದ್ಯರು ಹೇಳಿದ ಕಥೆ

ಆ ರಾತ್ರಿ ಊಟದ ಹೊತ್ತಿಗೆ ಗೆಳೆಯರೊಬ್ಬರು, ಇಷ್ಟು ಮಂದೆ ಇಲ್ಲಿ ಎಂದಿನಿಂದಲೂ ಇದ್ದದ್ದೇ ಇರಬೇಕು ಎಂದರು. ಪಶುವೈದ್ಯ ಮಿತ್ರರು ಇಲ್ಲವೆಂದು ತಲೆಯಾಡಿಸಿ ಹೇಳಿದ ಸಂಗತಿ ಇದು.

೧೮೮೦ರ ದಶಕದ ಕೊನೆಯಲ್ಲಿ ಇಟಲಿಯ ಸೇನೆಗೆಂದು ಆಫ್ರಿಕದ ಪೂರ್ವ ಕರಾವಳಿಗೆ ದನಗಳು ಬಂದವು. ಅವುಗಳೊಂದಿಗೆ ದೊಡ್ಡರೋಗವೂ ಬಂದಿತು. ನಮ್ಮ ಹಿರಿಯರು ಹೆಸರು ಹೇಳಲೂ ಹೆದರುತ್ತಿದ್ದ, ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಎನ್ನುವ ರೋಗವೇ ಅದು. ಆ ದನಗಳು ಭಾರತದಿಂದ ಹೋದವೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಹತ್ತು ವರ್ಷಗಳೊಳಗೆ ರೋಗ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಮಸಾಯಿ ಜನರ ಬಹುಪಾಲು ದನ ಸತ್ತು, ಹಿಂದೆಯೇ ಕ್ಷಾಮ ಬಂದಿತು. ಕಾಡೆಮ್ಮೆ, ವೈಲ್ಡ್‌ಬೀಸ್ಟ್‌ಗಳೂ ರಾಶಿರಾಶಿಯಾಗಿ ಸತ್ತವು.

ಆ ಮೇಲೆ ರೋಗ ಅಲ್ಲೇ ನೆಲೆಯೂರಿತು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮುಗಿದ ಕರುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ೧೯೬೧ರಲ್ಲಿ ಎಣಿಸಿದಾಗ ಸೆರೆಂಗೆಟಿಯ ವೈಲ್ಡ್‌ಬೀಸ್ಟ್‌ಗಳು ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದವು. ಅಷ್ಟರಲ್ಲಿ ಸುತ್ತಲ ಹಳ್ಳಿಗಳ ದನಗಳಿಗೆ ಲಸಿಕೆ ಹಾಕುವ ಕೆಲಸ ನಡೆದಿತ್ತು. ಕಾಡುಪ್ರಾಣಿಗೆ ಒಂದು ಸೂಜಿಯನ್ನೂ ಚುಚ್ಚಲಿಲ್ಲ. ದನದಲ್ಲಿ ರೋಗ ನಿಂತಿತು. ೧೯೬೩ರ ಹೊತ್ತಿಗೆ ಕಾಡಿನಲ್ಲಿಯೂ ನಿಂತಿತು. ೧೯೭೭ರ ಹೊತ್ತಿಗೆ ಮಂದೆ ೧೩ ಲಕ್ಷ ದಾಟಿತು. ನಾವು ನದಿಯ ದಡದಲ್ಲಿ ಬಾಯಿ ಬಿಟ್ಟು ನೋಡಿದ್ದು ಕೊಟ್ಟಿಗೆಯಲ್ಲಿ ಹಾಕಿದ ಲಸಿಕೆಯ ಫಲವನ್ನು.

ಹೆಬ್ಬಾಳದ ಪಾಲು

ನಮ್ಮ ರಾಜ್ಯದ ಕಥೆಯೂ ಇದಕ್ಕೆ ಹೊರತಲ್ಲ. ೧೯೬೮ರಲ್ಲಿ ಬಂಡೀಪುರ ಮತ್ತು ಮುದುಮಲೆಯ ಕಾಡುಗಳಿಗೆ ದೊಡ್ಡರೋಗ ಹೊಕ್ಕು ಕಾಟಿಗಳು ಬಹುಸಂಖ್ಯೆಯಲ್ಲಿ ಸತ್ತವು. ಅವು ಮತ್ತೆ ಹೆಚ್ಚಲು ವರ್ಷಗಳೇ ಬೇಕಾದವು.

ಈ ರೋಗದ ವಿರುದ್ಧ ಹೋರಾಡಲೆಂದೇ ಮೈಸೂರು ಸಂಸ್ಥಾನ ೧೯೨೫ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. ಇಂದು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದೇ. ಯಲಹಂಕಕ್ಕೂ ವಿಮಾನ ನಿಲ್ದಾಣಕ್ಕೂ ಹೋಗುವ ಬಳ್ಳಾರಿ ರಸ್ತೆಯಲ್ಲಿ ನಿತ್ಯ ಸಾವಿರಾರು ವಾಹನಗಳು ಓಡುತ್ತವೆ. ಈ ಸಂಸ್ಥೆಯ ಹಿನ್ನೆಲೆ ತಿಳಿದವರು ಅವುಗಳಲ್ಲಿ ಎಷ್ಟು ಮಂದಿಯೋ. ನಮ್ಮ ಮಿತ್ರರು ಸೇವೆಗೆ ಸೇರಿದ ಹೊಸತರಲ್ಲಿ ಲಸಿಕೆಯನ್ನು ಮಂಜುಗಡ್ಡೆಯೊಡನೆ ಫ್ಲಾಸ್ಕಿನಲ್ಲಿಟ್ಟು ಬಸ್ಸಿನಲ್ಲಿ, ಅಲ್ಲಿಂದ ಸೈಕಲ್ಲಿನಲ್ಲಿ ಹಳ್ಳಿಗೆ ಒಯ್ಯುತ್ತಿದ್ದರಂತೆ. ಇಂಥ ಅಸಂಖ್ಯ ಕಾರ್ಯಕರ್ತರ ದುಡಿಮೆಯಿಂದ ೧೯೯೫ರ ನಂತರ ಭಾರತದಲ್ಲಿ ಈ ರೋಗ ಕಾಣಿಸಲಿಲ್ಲ. ಜಗತ್ತಿನ ಕೊನೆಯ ಪ್ರಕರಣ ೨೦೦೧ರಲ್ಲಿ ಕೀನ್ಯಾದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ ಕಂಡಿತು. ೨೦೧೧ರಲ್ಲಿ ರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ನಂತರ ಹೀಗೆ ಅಳಿದ ರೋಗ ಇದೊಂದೇ.

ನಾವು ಮಾಡಬೇಕಾದ್ದು

ದೊಡ್ಡರೋಗ ಹೋಯಿತು, ಕಾಲುಬಾಯಿ ರೋಗ ಹೋಗಿಲ್ಲ. ಇದೂ ಸೀಳುಗೊರಸಿನ ಪ್ರಾಣಿಗಳ ರೋಗ. ಹಸು, ಹಂದಿ, ಆಡು, ಕುರಿಗಳಂತೆ ಕಾಟಿಗೂ ಕಡವೆಗೂ ತಗಲುತ್ತದೆ. ನಮ್ಮಲ್ಲಿ ಗೊಬ್ಬರಕ್ಕೆಂದು ಎರಡು ಮೂರು ದನ ಸಾಕದ ಸಣ್ಣ ಬೆಳೆಗಾರರು ಕಡಿಮೆ. ಹಗಲು ನಮ್ಮ ದನ ನೀರು ಕುಡಿದ ಕೆರೆಯಲ್ಲಿ ರಾತ್ರಿ ಕಾಟಿ ಕುಡಿಯುತ್ತದೆ. ಆದ್ದರಿಂದ ಸದಸ್ಯರು ಈ ಕೆಳಗಿನ ವಿಷಯಗಳನ್ನು ಗಮನಿಸಬೇಕಾಗಿ ಕೋರಿಕೆ:

೧. ಕಾಲುಬಾಯಿ ರೋಗದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿರಿ. ಸರ್ಕಾರ ಇದನ್ನು ಉಚಿತವಾಗಿ ನೀಡುತ್ತದೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಲಸಿಕೆ, ಒಂದು ತಿಂಗಳ ನಂತರ ಇನ್ನೊಂದು.

೨. ಲಸಿಕೆಯಾದ ಮೇಲೆ ಎರಡು ದಿನ ಹಾಲು ಸ್ವಲ್ಪ ಇಳಿಯಬಹುದೆಂದು ತಪ್ಪಿಸಬೇಡಿರಿ. ರೋಗ ಬಂದರೆ ಆಗುವ ನಷ್ಟ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ತುಂಬು ಗಬ್ಬದ ಹಸುವಿನ ವಿಷಯದಲ್ಲಿ ಪಶುವೈದ್ಯರ ಸಲಹೆ ಪಡೆಯಿರಿ.

೩. ಜೊಲ್ಲು ಸುರಿಸುವ, ಕುಂಟುವ ದನವನ್ನು ಕಾಡಿನಂಚಿಗೆ ಮೇಯಲು ಬಿಡಬೇಡಿರಿ. ಬೇರೆ ಕಟ್ಟಿ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿರಿ.

೪. ರೋಗ ಬಂದ ಕೊಟ್ಟಿಗೆಯನ್ನು ಲೀಟರ್ ನೀರಿಗೆ ೪೦ ಗ್ರಾಂ ವಾಷಿಂಗ್ ಸೋಡಾ ಬೆರೆಸಿ ತೊಳೆಯಿರಿ.

೫. ಸಂತೆಯಿಂದ ತಂದ ದನವನ್ನು ಮೂರು ವಾರವಾದರೂ ಮಂದೆಗೆ ಸೇರಿಸದೆ ಬೇರೆ ಇಡಿರಿ.

ಕಾಟಿ ಗಿಡ ತುಳಿದಾಗ ಸಿಟ್ಟು ಬರುವುದು ನ್ಯಾಯವೇ. ಪರಿಹಾರ ಕೇಳುವ ಹಕ್ಕೂ ನಮಗುಂಟು. ಆದರೆ ಅವುಗಳ ಮಂದೆಗೆ ರೋಗ ಬಿದ್ದರೆ ಅದು ನಮ್ಮ ಕೊಟ್ಟಿಗೆಗೂ ತಿರುಗಿ ಬರಬಹುದು ಎಂಬುದನ್ನು ಮರೆಯಬಾರದು. ಪ್ರವಾಸಕ್ಕೆ ಹೋಗಬಯಸುವ ಸದಸ್ಯರಿಗೊಂದು ಸೂಚನೆ: ಹೊರಡುವ ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಚೀಟಿ ಇಟ್ಟುಕೊಳ್ಳಬೇಕು, ಅದಿಲ್ಲದೆ ಕೀನ್ಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ ತಡೆದು ಬೇರೆ ಇಡುವ ನಿಯಮವಿದೆ. ನಮಗೆ ಇರುವ ಈ ಕಟ್ಟುನಿಟ್ಟು ನಮ್ಮ ದನಗಳಿಗೂ ಇರಲಿ.