ದೊರೆ ಯಾರು? ಉಮರ್ಗಾ, ನಿಲಂಗಾ, ಉದಗೀರ ಕಂಡ ಉತ್ತರಗಳು

ಉಮರ್ಗಾದಿಂದ ಬಸವಕಲ್ಯಾಣ ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯೆಲ್ಲ ಕಲ್ಯಾಣದ ಆಳ್ವಿಕೆಯದು. ಚಾಲುಕ್ಯರ ಶಾಸನಗಳಲ್ಲಿ ಅರಸನಿಗೆ ‘ಪರಮೇಶ್ವರ’ ಎಂಬ ಬಿರುದು. ದೇವರ ಹೆಸರನ್ನೇ ಸಿಂಹಾಸನ ತೊಟ್ಟುಕೊಂಡಿತ್ತು. ಆ ಸಿಂಹಾಸನವನ್ನು ಕೈವಶ ಮಾಡಿಕೊಂಡ ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರು ಆ ಒಡೆತನವನ್ನು ಅರಮನೆಯಿಂದ ಬಿಡಿಸಿ ಅಂಗೈಯ ಲಿಂಗಕ್ಕೆ ಒಪ್ಪಿಸಿದರು. ಸಮಗಾರನೂ ಮಡಿವಾಳನೂ ನೇರವಾಗಿ ಒಡೆಯನೆದುರು ನಿಂತ ಮೇಲೆ ಅರಸನಿಗೆ ಉಳಿದದ್ದು ಕಂದಾಯ ಮಾತ್ರ. ಸಿಂಹಾಸನ ಅದನ್ನು ಸಹಿಸಲಿಲ್ಲ.

ಹೈದರಾಬಾದಿನ ನಿಜಾಮರ ಕಾಲದಲ್ಲಿ ಅದೇ ಪ್ರಶ್ನೆ ಮತ್ತಷ್ಟು ಕಠೋರವಾಗಿ ಎದ್ದಿತು. ಆಗ ನಿಲಂಗಾ, ಉದಗೀರ ಬೀದರ ಜಿಲ್ಲೆಯ ತಾಲೂಕುಗಳು, ಉಮರ್ಗಾ ಉಸ್ಮಾನಾಬಾದಿನದು. ನಿಜಾಮರೂ ಪೂರ್ಣ ಒಡೆಯರಲ್ಲ. ಭಾರತದಲ್ಲಿ ಬ್ರಿಟಿಷ್ ದೊರೆತನವೇ ಸರ್ವೋಚ್ಚ ಎಂದು 1926ರಲ್ಲಿ ವೈಸರಾಯ್ ರೀಡಿಂಗ್ ನಿಜಾಮರಿಗೆ ಖಡಾಖಂಡಿತವಾಗಿ ಬರೆದಿದ್ದರು. ಬಹಾದ್ದೂರ್ ಯಾರ್ ಜಂಗ್ ಕಾಲದ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಬೇರೊಂದು ವಾದ ಹೂಡಿತು: ಸಾರ್ವಭೌಮತ್ವ ದಖ್ಖನಿನ ಮುಸ್ಲಿಂ ಸಮುದಾಯದ್ದು, ನಿಜಾಮರು ಅದರ ಲಾಂಛನ. 1946ರಲ್ಲಿ ಅದರ ಮುಖ್ಯಸ್ಥರಾದ ಕಾಸಿಂ ರಜ್ವಿ ಲಾತೂರಿನ ವಕೀಲರು.

1903ರ ಸೆಪ್ಟೆಂಬರಿನಲ್ಲಿ ಔರಂಗಾಬಾದಿನಲ್ಲಿ ಹುಟ್ಟಿದ ಇಸ್ಲಾಮೀ ಚಿಂತಕ ಮೌದೂದಿ ಸಮುದಾಯಕ್ಕೂ ಆ ಪಟ್ಟ ಕೊಡಲಿಲ್ಲ. ಪರಮಾಧಿಕಾರ ದೇವರೊಬ್ಬನದೇ, ರಾಜನದಲ್ಲ, ಜನರದೂ ಅಲ್ಲ ಎಂದರು. 1949ರ ಮಾರ್ಚಿನಲ್ಲಿ ಪಾಕಿಸ್ತಾನ ಅಂಗೀಕರಿಸಿದ ಧ್ಯೇಯ ನಿರ್ಣಯ ಶುರುವಾಗುವುದೂ ಅದೇ ಧಾಟಿಯಲ್ಲಿ.

ಮೌದೂದಿ ಹುಟ್ಟಿದ ಮರುತಿಂಗಳೇ ಸಿಂದಗಿಯಲ್ಲಿ ವೆಂಕಟೇಶ ಖೇಡಗಿಕರ ಹುಟ್ಟಿದರು. ಉಮರ್ಗಾ ಸೀಮೆಯ ಹಿಪ್ಪರಗಾ ರಾಷ್ಟ್ರೀಯ ಶಾಲೆಯಲ್ಲಿ ಮೇಷ್ಟ್ರಾಗಿ, ಕಾವಿ ತೊಟ್ಟು ಸ್ವಾಮಿ ರಾಮಾನಂದ ತೀರ್ಥರಾದರು. ಸನ್ಯಾಸಿ ಧರ್ಮರಾಜ್ಯ ಕೇಳಬಹುದಿತ್ತು. ಇವರು ಕೇಳಿದ್ದು ಪ್ರಜೆಗಳಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ. ಅದಕ್ಕಾಗಿ 1938ರಲ್ಲೇ ಜೈಲು ಕಂಡರು. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತಿರಂಗಾ ಹಾರಿಸಿ ಮತ್ತೆ ಸೆರೆಯಾದರು. ದೇವರನ್ನು ಎದೆಯಲ್ಲಿಟ್ಟುಕೊಂಡು ರಾಜ್ಯವನ್ನು ಜನರಿಗೆ ಬಿಟ್ಟುಕೊಟ್ಟ ಆ ನಿಲುವು ನನಗೆ ಕಲ್ಯಾಣದ ಶರಣರ ಕಡೆಯದೆಂದೇ ಕಾಣುತ್ತದೆ.

ಸಮುದಾಯವೇ ದೊರೆ ಎಂಬ ವಾದದ ಬೆಲೆ ತೆತ್ತವರು ಬಡವರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ರಜ್ವಿಯ ಪಡೆಯಾದ ರಜಾಕಾರರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನಲ್ಲಿ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಸರದಿ ಮುಸ್ಲಿಮರದಾಯಿತು. ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದವೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳನ್ನು. ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅದರ ಅಂದಾಜು. ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಗೇಣು ಭೂಮಿಯೂ ಇಲ್ಲದ ಕೂಲಿಯವನನ್ನು ‘ನೀನೇ ದೊರೆ’ ಎಂದು ಹುರಿದುಂಬಿಸಿದವರು ಅವನಿಗೆ ಅಧಿಕಾರವನ್ನೇನೂ ಕೊಟ್ಟಿರಲಿಲ್ಲ. ದೊರೆತನದ ಲೆಕ್ಕ ತೀರಿಸುವಾಗ ಮಾತ್ರ ಅವನ ಮನೆಯೇ ಸಿಕ್ಕಿತು.

1949ರ ನವೆಂಬರಿನಲ್ಲಿ ನಿಜಾಮರು ಫರ್ಮಾನು ಹೊರಡಿಸಿ ಭಾರತದ ಸಂವಿಧಾನವನ್ನು ಒಪ್ಪಿದರು. 1952ರಲ್ಲಿ ಗುಲ್ಬರ್ಗಾದ ಮತದಾರರೂ 1957ರಲ್ಲಿ ಔರಂಗಾಬಾದಿನವರೂ ರಾಮಾನಂದ ತೀರ್ಥರನ್ನು ಲೋಕಸಭೆಗೆ ಕಳಿಸಿದರು. ಅಷ್ಟರಲ್ಲಿ, 1956ರಲ್ಲಿ, ಭಾಷಾವಾರು ರಾಜ್ಯಗಳ ಗಡಿ ಬಿದ್ದು ನಿಲಂಗಾ, ಉದಗೀರ ಬೀದರದಿಂದ ಬೇರೆಯಾಗಿದ್ದವು.

ಸೆಪ್ಟೆಂಬರ್ 17 ಉಮರ್ಗಾದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ, ಬಸವಕಲ್ಯಾಣದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಎರಡೂ ವೇದಿಕೆಗಳಲ್ಲಿ ಗೋರಟಾದವರ ಜತೆಗೆ ಆ ನಾಲ್ಕು ಜಿಲ್ಲೆಗಳಲ್ಲಿ ಸತ್ತವರ ನೆನಪೂ ಆಗಬೇಕು. ಇನ್ನು ಹದಿನಾರು ತಿಂಗಳು ಬದುಕಿದ್ದರೆ ಅವರೂ ಗಣರಾಜ್ಯದ ಪ್ರಜೆಗಳಾಗುತ್ತಿದ್ದರು.