ಹಳೆಯ ಸೀರೆ, ಹೊಸ ಹೊಲಿಗೆ

‘ಅಜ್ಜಿಗೆ ಅರಿವೆಯ ಚಿಂತೆ’ ಎಂದು ಆರಂಭವಾಗುವ ಗಾದೆಯೊಂದು ನಮ್ಮಲ್ಲಿದೆ. ನಗೆಯಾಡುವುದಕ್ಕೆಂದೇ ಅದನ್ನು ಹೇಳುವುದು ವಾಡಿಕೆ. ಆದರೆ ಅಜ್ಜಿಯ ಚಿಂತೆ ಅಷ್ಟು ಹಗುರವಾದುದಲ್ಲ. ಕಲಬುರಗಿಯ ಹಳೆಯ ಮನೆಗಳಲ್ಲಿ ಟ್ರಂಕಿನ ಮುಚ್ಚಳವನ್ನೆತ್ತಿದರೆ, ತಳದಲ್ಲಿ ಒಂದೆರಡು ಇಳಕಲ್ ಸೀರೆಗಳು ಮಡಿಕೆ ಮುರಿಯದೆ ಮಲಗಿರುವುದುಂಟು. ಉಡೋಣವೆಂದರೆ ಮಡಿಕೆಯ ಗೆರೆಗುಂಟ ನೂಲು ಸವೆದಿದೆ. ಎಸೆಯೋಣವೆಂದರೆ ತೀರಿಹೋದ ತಾಯಿಯ ನೆನಪು ಅದರಲ್ಲಿ ಉಳಿದಿದೆ. ಸೊಸೆಗೆ ಅದರಿಂದ ಏನಾದರೂ ಹೊಸದನ್ನು ಮಾಡುವ ಹಂಬಲ. ಅತ್ತೆಗೆ ಕತ್ತರಿಯ ಭಯ. “ಬ್ಯಾಡವಾ, ಒಮ್ಮೆ ಕತ್ತರಿ ಆಡಿಸಿದ್ರ ತಿರುಗಿ ಬರಂಗಿಲ್ಲ” ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬಂದಿಲ್ಲ!

ಹಂಬಲವೂ ಸಹಜ, ಭಯವೂ ಸಹಜ. ಇವೆರಡರ ನಡುವೆ ಸಂಧಾನ ಮಾಡಿಸಬಲ್ಲದ್ದು ಸೂಜಿಯೊಂದೇ.

ಕೌದಿಯ ಪಾಠ

ಉತ್ತರ ಕರ್ನಾಟಕದ ಗೃಹಿಣಿಗೆ ಈ ಸಂಧಾನ ಹೊಸತೇನಲ್ಲ. ಸವೆದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಒತ್ತೊತ್ತಾಗಿ ಹೊಲಿದ ಕೌದಿಯಲ್ಲಿ ಮೂರು ತಲೆಮಾರಿನ ಬಟ್ಟೆ ಒಂದೆಡೆ ಕೂಡುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ದಿ ಸ್ತ್ರೀಯರ ಕೌದಿಯಂತೂ ದೇಶಾಂತರಗಳಲ್ಲಿ ಹೆಸರು ಪಡೆದಿದೆ. ಅವರು ಅಂಚಿನಿಂದ ತೊಡಗಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಹೊಲಿದು ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನಿಡದೆ ಕೌದಿ ಪೂರ್ಣವಾಯಿತೆಂದು ಭಾವಿಸುವುದಿಲ್ಲ. ಬಂಗಾಳದ ಕಾಂಥಾ, ಜಪಾನಿನ ಸಾಶಿಕೊ ಕೂಡ ಇದೇ ಕುಲದವು. ಬಡತನದ ಜಾಣ್ಮೆಯೇ ಮೂರೂ ಕಡೆ ಕಲೆಯಾಗಿ ಅರಳಿದೆ.

ಇಂದು ಅನೇಕರು ಕೌದಿಯನ್ನು ಯಂತ್ರದಲ್ಲಿ ಹೊಲಿಯಲು ತೊಡಗುತ್ತಾರೆ. ಅರ್ಧಕ್ಕೆ ಬಂದಾಗ ಪದರಗಳು ಸರಿದು, ಸುಕ್ಕುಗಟ್ಟಿ, ಬೇಸರದಿಂದ ಕೈಬಿಡುತ್ತಾರೆ. ತಪ್ಪು ಯಂತ್ರದ್ದಲ್ಲ, ಅವಸರದ್ದು. ಮೊದಲು ಎಲ್ಲ ಬಟ್ಟೆಗಳನ್ನೂ ಒಗೆದು ಒಣಗಿಸಬೇಕು. ಹೊಸ ಬಟ್ಟೆಯ ತುಂಡು ಮುಂದೆ ಕುಗ್ಗಿದರೆ ಹಳೆಯದನ್ನು ಎಳೆದು ಹರಿಯುತ್ತದೆ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಕೈಯಿಂದ ಉದ್ದನೆಯ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಡಬೇಕು. ಯಂತ್ರದ ಹೊಲಿಗೆಯನ್ನು ತುಸು ಉದ್ದಕ್ಕೆ, ಮೂರರಿಂದ ನಾಲ್ಕು ಮಿಲಿಮೀಟರಿಗೆ ತಿರುಗಿಸಿಕೊಳ್ಳಬೇಕು. ಮೊಂಡು ಸೂಜಿ ಸವೆದ ಬಟ್ಟೆಗೆ ಶತ್ರು. ಹೊಸ ಕೌದಿಗೆ ಹೊಸ ಸೂಜಿಯೇ ಲೇಸು.

ಸಾಮಾನ್ಯ ಕಾಲುಯಂತ್ರದಲ್ಲಿಯೂ ಹೂಬಳ್ಳಿಗಳನ್ನು ಬಿಡಿಸಬಹುದೆಂಬುದು ಹಲವರಿಗೆ ಅಚ್ಚರಿಯ ಸಂಗತಿ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳನ್ನು ಕೆಳಗಿಳಿಸಿ, ಇಲ್ಲವೇ ತಗಡಿನಿಂದ ಮುಚ್ಚಿ, ಬಟ್ಟೆಯನ್ನೊತ್ತುವ ಪಾದವನ್ನು ತೆಗೆದುಬಿಟ್ಟರೆ, ಬಟ್ಟೆಯ ಚಲನೆಯೆಲ್ಲ ಕೈಯ ವಶವಾಗುತ್ತದೆ. ಬಟ್ಟೆಯನ್ನು ಬಳೆಯಂಥ ಚೌಕಟ್ಟಿನಲ್ಲಿ ಬಿಗಿದು ಸೂಜಿಯ ಕೆಳಗೆ ಮೆಲ್ಲಗೆ ಆಡಿಸಿದರೆ ಸೂಜಿಯೇ ಲೇಖನಿಯಾಗುತ್ತದೆ. ಪಾದವಿಲ್ಲದಿದ್ದರೂ ಅದರ ಹಿಡಿಯನ್ನು ಇಳಿಸುವುದನ್ನು ಮರೆಯಬಾರದು. ಮರೆತರೆ ದಾರಕ್ಕೆ ಬಿಗಿ ಬಾರದೆ ಕೆಳಗೆ ಗೂಡುಗಟ್ಟುತ್ತದೆ. ಬೆರಳುಗಳು ಸೂಜಿಯಿಂದ ದೂರವಿರಲಿ. ಮೊದಲ ಹತ್ತು ಪ್ರಯೋಗಗಳು ಚಿಂದಿಯ ಮೇಲೆಯೇ ನಡೆಯಲಿ. ಅತ್ತೆಯ ಭಯಕ್ಕೆ ಸಲ್ಲಬೇಕಾದ ಗೌರವ ಅದು.

ಎಳೆ ಎಣಿಸುವ ಕಲೆ

ಕತ್ತರಿಯನ್ನೇ ಮುಟ್ಟದೆ ಸೀರೆಗೆ ಮರುಜೀವ ಕೊಡುವ ಬಗೆಯೂ ಇದೆ: ಅದು ಕಸೂತಿ. ಧಾರವಾಡದ ಸೀಮೆಯಲ್ಲಿ ಬೆಳೆದ ಈ ಕಲೆಯಲ್ಲಿ ಹೊಲಿಗೆಗಳು ನಾಲ್ಕೇ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬಿಟ್ಟುದನ್ನು ತುಂಬುತ್ತ ಹಿಂದಿರುಗುತ್ತದೆ. ಎರಡು ಮಗ್ಗುಲಿಗೂ ಒಂದೇ ರೂಪ. ಮುರ್ಗಿ ಅದನ್ನೇ ಮೆಟ್ಟಿಲುಗಳಂತೆ ಓರೆಕೋರೆಯಾಗಿ ನಡೆಸುತ್ತದೆ. ನೇಗಿ ನೆಯ್ಗೆಯ ಭ್ರಮೆಯನ್ನು ಹುಟ್ಟಿಸುತ್ತದೆ. ಮೆಂತಿಯಲ್ಲಿ ಎಳೆಗಳು ಒಂದನ್ನೊಂದು ಕತ್ತರಿಸಿ ಹಾಯುತ್ತವೆ. ಬಟ್ಟೆಯ ಮೇಲೆ ಗುರುತಿಲ್ಲ, ದಾರದ ತುದಿಗೆ ಗಂಟಿಲ್ಲ. ಎಲ್ಲವೂ ಎಳೆಗಳ ಎಣಿಕೆ. ಗವಂತಿಯಂಥದೇ ಹೊಲಿಗೆಯನ್ನು ಯುರೋಪಿನವರು ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್ಬೈನನ ಹೆಸರಿನಿಂದ ಕರೆಯುತ್ತಾರೆ. ಅವನು ಬರೆದ ಭಾವಚಿತ್ರಗಳಲ್ಲಿ ಸಿರಿವಂತರ ಅಂಗಿಯ ತೋಳಂಚಿನಲ್ಲಿ ಅದು ಕಾಣುತ್ತದೆ.

ನುಣುಪಾದ ಬಟ್ಟೆಯಲ್ಲಿ ಎಳೆಗಳು ಕಣ್ಣಿಗೆ ನಿಲುಕುವುದಿಲ್ಲ. ಅದಕ್ಕೊಂದು ಸುಲಭೋಪಾಯವಿದೆ. ಜಾಳುಜಾಳಾದ ಕ್ಯಾನ್ವಾಸು ಬಟ್ಟೆಯ ತುಂಡನ್ನು ಮೇಲಿಟ್ಟು ಕಚ್ಚಾ ಹೊಲಿಗೆ ಹಾಕಿ, ಅದರ ಕಣ್ಣುಗಳನ್ನೆಣಿಸುತ್ತ ಕಸೂತಿಯನ್ನು ತೆಗೆಯುವುದು. ಮುಗಿದ ಬಳಿಕ ತುಸು ತೇವ ಮಾಡಿ, ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಚಿಮಟದಿಂದ ಎಳೆದುಬಿಡುವುದು. ಕಸೂತಿ ಮಾತ್ರ ಸೀರೆಯ ಮೇಲೆ ಉಳಿಯುತ್ತದೆ. ದಾರವನ್ನು ಕೊಳ್ಳುವಾಗ, ಅದರಲ್ಲೂ ಕೆಂಪು ದಾರವನ್ನು ಕೊಳ್ಳುವಾಗ, ಒದ್ದೆ ಮಾಡಿ ಬಿಳಿಯ ಬಟ್ಟೆಯ ನಡುವೆ ಒತ್ತಿನೋಡಬೇಕು. ಬಣ್ಣ ಬಿಡುವ ದಾರ ಒಂದೇ ಒಗೆತಕ್ಕೆ ಹತ್ತು ದಿನಗಳ ದುಡಿಮೆಯನ್ನು ಹಾಳುಮಾಡೀತು.

ಕಮಲಾಪುರದ ದಾರಿಯಲ್ಲಿ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಹಾದಿಯಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಸುತ್ತಲಿನ ನೆಲದಲ್ಲಿ ಲಂಬಾಣಿಗರ ತಾಂಡಾಗಳು ಹರಡಿವೆ. ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದೇಶವೆಲ್ಲ ತಿರುಗಿದ ಈ ಜನ, ರೈಲು ಬಂದು ಹೇರಾಟ ನಿಂತಮೇಲೆ ನೆಲೆನಿಂತರು. ಅಲೆದಾಟದ ದಿನಗಳ ವೈಭವ ಅವರ ಸ್ತ್ರೀಯರ ಪೇಟಿಯಾ, ಕಾಂಚಳಿ, ಟುಕರಿಗಳ ಮೇಲೆ ಕನ್ನಡಿ, ಕವಡೆ, ಬಣ್ಣದ ದಾರಗಳಾಗಿ ಉಳಿಯಿತು.

ಪಟ್ಟಣದ ಗೃಹಿಣಿ ಅವರಿಂದ ಕಲಿಯಬೇಕಾದ ಮೊದಲ ಪಾಠ ಕನ್ನಡಿ ಕೂರಿಸುವುದು. ಕನ್ನಡಿಗೆ ರಂಧ್ರವಿಲ್ಲ, ಅಂಟು ನೆಚ್ಚತಕ್ಕದ್ದಲ್ಲ. ಗಾಜಿನ ಮೇಲೆ ನಾಲ್ಕು ಎಳೆಗಳನ್ನು ಚೌಕವಾಗಿ, ಮತ್ತೆ ನಾಲ್ಕನ್ನು ಓರೆಯಾಗಿ ಎಳೆದು ಜಾಲರಿ ಕಟ್ಟಿ, ಆ ಎಳೆಗಳನ್ನು ಹಿಡಿಯುತ್ತ ಸುತ್ತಲೂ ಹೊಲಿದರೆ ದಾರದ ಉಂಗುರವೇ ಕನ್ನಡಿಯನ್ನು ಹಿಡಿಯುತ್ತದೆ. ಮೊದಲ ಎಳೆಗಳು ಅಂಚಿಗೆ ತೀರ ಹತ್ತಿರವಾದರೆ ಅಥವಾ ಸಡಿಲವಾದರೆ ಕನ್ನಡಿ ಜಾರಿಬೀಳುತ್ತದೆ. ಗಾಜಿನ ಅಂಚನ್ನು ಕಲ್ಲಿನ ಮೇಲೆ ತಿಕ್ಕಿ ಮೊಂಡು ಮಾಡಿಕೊಳ್ಳದಿದ್ದರೆ ಅದು ತನ್ನನ್ನು ಹಿಡಿದ ದಾರವನ್ನೇ ಕೊಯ್ಯುತ್ತದೆ.

ಇದು ಒಂದು ಹೊಲಿಗೆಯ ಮಾತು. ಲಂಬಾಣಿ ಕಸೂತಿಯಲ್ಲಿ ಹದಿನಾಲ್ಕು ಬಗೆಗಳನ್ನು ಹೆಸರಿಸುತ್ತಾರೆ: ಕಿಲನ್, ವೇಲೆ, ಬಕ್ಯಾ, ಮಾಕಿ, ರೇಲೊ, ಜೋಲ್ಯಾ ಮುಂತಾಗಿ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ ಸ್ತ್ರೀಯರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಸೇರಿತು.

ಸಂಡೂರಿಗೆ ಸಂದ ಗೌರವ ಉಚಿತವೇ. ಆದರೆ ಆ ಮಾನ್ಯತೆ ಬೆಸೆದುಕೊಂಡಿರುವುದು ಸಂಡೂರಿನ ಹೆಸರಿನೊಂದಿಗೆ. ಕಮಲಾಪುರದ ಬಾಳೆಗೆ ತನ್ನ ಊರಿನ ಹೆಸರಿನಲ್ಲೇ ಅಂಥ ಗುರುತು ಬಂದಿದೆ. ಅದೇ ನೆಲದ ತಾಂಡಾದ ಸೂಜಿ ಊರ ಹೆಸರಿಲ್ಲದೆಯೇ ದುಡಿಯುತ್ತಿದೆ. ಸೀರೆ, ಚೂಡಿದಾರಗಳನ್ನುಡುವ ಹೆಣ್ಣುಮಕ್ಕಳಿಗೆ ಕಾಂಚಳಿಯ ಹೊಲಿಗೆ ದಿನನಿತ್ಯದ ಅಗತ್ಯವಾಗಿ ಉಳಿದಿಲ್ಲ. ಅಗತ್ಯವಳಿದ ಕಲೆ ಅಜ್ಜಿಯರ ಬೆರಳುಗಳೊಡನೆಯೇ ಮುಗಿದುಹೋಗುವ ಅಪಾಯವಿದೆ. ಅದರ ನಕ್ಷೆಯನ್ನು ಯಂತ್ರದಲ್ಲಿ ಅಚ್ಚಿಳಿಸಿ ಅಗ್ಗಕ್ಕೆ ಮಾರುವ ಅಂಗಡಿ ಆ ಬೆರಳುಗಳಿಗೆ ಏನನ್ನೂ ಕೊಡುವುದಿಲ್ಲ.

ಹೀಗಿರುವಾಗ ಹೊಸ ವಿಧಾನವನ್ನು ಕಲಿಯಬಯಸುವ ಕಲಬುರಗಿಯ ಗೃಹಿಣಿಗೆ ಒಂದು ದಾರಿಯಿದೆ. ಹೊಲಿಗೆಯನ್ನು ಚಿತ್ರ ನೋಡಿ ಕದ್ದು ಕಲಿಯುವ ಬದಲು, ತಾಂಡಾದ ಹಿರಿಯಳೊಬ್ಬಳನ್ನು ಗುರುವೆಂದು ತಿಳಿದು, ಕಲಿಸಿದ ದಿನಗಳಿಗೆ ತಕ್ಕ ಸಂಭಾವನೆಯಿತ್ತು, ಎದುರು ಕುಳಿತು ಕಲಿಯಬಹುದು. ಸಂಗೀತದ ಮೇಷ್ಟರಿಗೆ ಸಲ್ಲುವ ಮರ್ಯಾದೆ ಸೂಜಿಯ ಗುರುವಿಗೆ ಸಲ್ಲಬಾರದೇಕೆ?

ಆಗ ಟ್ರಂಕಿನ ತಳದ ಆ ಸೀರೆ ಮತ್ತೆ ಬೆಳಕಿಗೆ ಬರುತ್ತದೆ. ಸವೆದ ಮೈ ಕೌದಿಯ ಒಳಪದರವಾಗಿ ಚಳಿಗಾಲದಲ್ಲಿ ಮೊಮ್ಮಗುವನ್ನು ಬೆಚ್ಚಗಿರಿಸುತ್ತದೆ. ಗಟ್ಟಿಯಾಗಿ ಉಳಿದ ಸೆರಗು ಗವಂತಿಯ ಗೋಪುರವನ್ನೂ, ಅಂಚಿನಲ್ಲೊಂದು ತಾಂಡಾದ ಕನ್ನಡಿಯನ್ನೂ ಹೊತ್ತು ಮೇಲುಹಾಸಾಗುತ್ತದೆ. ಕತ್ತರಿಗೆ ಅಂಜಿದ ಅತ್ತೆಯೇ ಅದನ್ನು ಮಡಿಲಲ್ಲಿ ಹರಡಿಕೊಂಡು, ಇದು ತನ್ನವ್ವನ ಸೀರೆಯೆಂದು ಬಂದವರಿಗೆಲ್ಲ ತೋರಿಸಿಯಾಳು. ಅಜ್ಜಿಯ ಅರಿವೆಯ ಚಿಂತೆಗೆ ಅದಕ್ಕಿಂತ ಒಳ್ಳೆಯ ಪರಿಹಾರ ಬೇರೆ ಯಾವುದಿದ್ದೀತು?