ಹ್ಯಾಮ್ ರೇಡಿಯೊಗೆ ಹಾರೆಯ ಕಾವಲು

ಕೊಳ್ಳೇಗಾಲದಿಂದ ಹೆಚ್ಚು ದೂರವಿಲ್ಲದ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ, ಕಾವೇರಿಯ ಈಚೆ ದಡದ ಕೊಳ್ಳೇಗಾಲವೂ ಅದಕ್ಕೆ ಸೇರಿದ್ದ ಹನೂರೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದಾಗಿತ್ತು. ಇಂದು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳಾಗಿದ್ದು, ಮೂರಕ್ಕೂ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಕರೆಂಟು ಕೊಡುತ್ತದೆ. ಕರೆಂಟು ಬಂದರೆ ಸಾಕು ಎನ್ನುತ್ತಿದ್ದ ಕಾಲ ಹೋಗಿ, ಬಂದದ್ದು ಎಷ್ಟು ವೋಲ್ಟು ಎಂದು ಕೇಳುವ ಕಾಲ ಬಂದಿದೆ. ಈ ಪ್ರಶ್ನೆಯನ್ನು ಬಲ್ಬಿಗಿಂತ, ಫ್ಯಾನಿಗಿಂತ ಕಟ್ಟುನಿಟ್ಟಾಗಿ ಕೇಳುವ ಉಪಕರಣವೆಂದರೆ ಹವ್ಯಾಸಿಗಳ ರೇಡಿಯೊ ಯಂತ್ರ.

ಹವ್ಯಾಸಿ ರೇಡಿಯೊ, ಅಂದರೆ ರೂಢಿಯ ಮಾತಿನ ಹ್ಯಾಮ್ ರೇಡಿಯೊ, ಲಾಭದ ಉದ್ದೇಶವಿಲ್ಲದೆ ನಡೆಯುವ ನಿಸ್ತಂತು ಸಂಪರ್ಕವಾಗಿದ್ದು, ಅದಕ್ಕೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದಿಂದ ಪರವಾನಗಿ ಪಡೆಯಬೇಕಾಗುತ್ತದೆ. 2018 ಮತ್ತು 2019ರ ಕಾವೇರಿ ನೆರೆಯಲ್ಲಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು ಮೊದಲಾದ ನದಿಯಂಚಿನ ಹಳ್ಳಿಗಳಿಗೆ ನೀರು ನುಗ್ಗಿತ್ತು. ಮಲೆ ಮಹದೇಶ್ವರ ಬೆಟ್ಟದ ಮತ್ತು ಬಿಳಿಗಿರಿರಂಗನ ಬೆಟ್ಟದ ಸಾಲುಗಳ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ಲು ಎಲ್ಲೆಡೆ ಸಿಗುವುದಿಲ್ಲ. ಇಂಥ ಕಡೆ ಟವರಿನ ಹಂಗಿಲ್ಲದ ರೇಡಿಯೊ ಕೇಂದ್ರವೊಂದು ಕೆಲಸಕ್ಕೆ ಬರುವುದು ಸಹಜವಾದರೂ, ತುರ್ತಿನ ಹೊತ್ತಿಗೆ ಅದು ಸುಟ್ಟು ಕೂತಿರಬಾರದಷ್ಟೆ.

ಮಾತನ್ನು ಕಳುಹಿಸುವ ಮತ್ತು ಕೇಳಿಸುವ ಎರಡೂ ಕೆಲಸವನ್ನು ಒಂದೇ ಪೆಟ್ಟಿಗೆಯಲ್ಲಿ ಮಾಡುವ ಟ್ರಾನ್ಸೀವರ್ ಸಾಮಾನ್ಯವಾಗಿ 13.8 ವೋಲ್ಟಿನ ಡಿಸಿ ವಿದ್ಯುತ್ತಿನಲ್ಲಿ ನಡೆಯುತ್ತದೆ. ಕಾರಿನ ಎಂಜಿನ್ ಓಡುತ್ತಿರುವಾಗ ಅದರ ಬ್ಯಾಟರಿಯ ತುದಿಗಳಲ್ಲಿ ಹೆಚ್ಚುಕಡಿಮೆ ಇಷ್ಟೇ ವೋಲ್ಟು ಇರುವುದರಿಂದ ಈ ಸಂಖ್ಯೆ ನಿಂತಿತು. ಬಹಳಷ್ಟು ತಯಾರಕರು ಇದರ ಮೇಲೂ ಕೆಳಗೂ ಶೇಕಡ 15ರಷ್ಟು ಏರಿಳಿತವನ್ನು ಒಪ್ಪುತ್ತಾರೆ, ಅಂದರೆ ಮೇಲಿನ ಗಡಿ 15.8 ವೋಲ್ಟಿನ ಆಸುಪಾಸಿನಲ್ಲಿದೆ. ಒಳಗಿನ ಎಷ್ಟೋ ಕೆಪಾಸಿಟರುಗಳ ಮೈಮೇಲೆ 16 ವೋಲ್ಟ್ ಎಂದೇ ಅಚ್ಚಾಗಿರುತ್ತದೆ. 20 ವೋಲ್ಟು ಬಂದರೆ ಅವು ಉಬ್ಬಿ ಒಡೆಯಬಹುದು, ಪ್ರಸಾರಕ್ಕೆ ಬಲ ಕೊಡುವ ಕೊನೆಯ ಹಂತದ ದುಬಾರಿ ಟ್ರಾನ್ಸಿಸ್ಟರುಗಳು ಕ್ಷಣದಲ್ಲಿ ಹೋಗಬಹುದು.

ಹೆಚ್ಚುವರಿ ವೋಲ್ಟು ಬರುವ ಮೊದಲ ದಾರಿ ಬೀದಿಯ ತಂತಿಯೇ. ಊರಿನ ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಮೂರು ಫೇಸುಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುತ್ತವೆ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 230 ವೋಲ್ಟು, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟು ಇರುತ್ತದೆ. ಗಾಳಿಮಳೆಗೆ ಮರದ ಕೊಂಬೆ ಬಿದ್ದು ನ್ಯೂಟ್ರಲ್ ಕಟ್ಟಾಯಿತೆನ್ನಿ, ಆಗ ಬೇರೆ ಬೇರೆ ಫೇಸಿನ ಎರಡು ಮನೆಗಳು ಒಂದರ ಹಿಂದೊಂದು ಪೋಣಿಸಿದಂತಾಗಿ ಆ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಈ ಹಂಚಿಕೆಯಲ್ಲಿ ನ್ಯಾಯವಿಲ್ಲ: ಗ್ರೈಂಡರು, ಹೀಟರು ಓಡುತ್ತಿರುವ ಮನೆಯಲ್ಲಿ ಬಲ್ಬು ಮಿಣುಕುತ್ತದೆ, ಎರಡು ಬಲ್ಬು ಹಾಕಿಕೊಂಡು ರೇಡಿಯೊ ಕೇಳುತ್ತ ಕೂತವರ ಮನೆಗೆ 300 ವೋಲ್ಟಿಗೂ ಮಿಕ್ಕಿದ್ದು ಬರುತ್ತದೆ. ಇಷ್ಟು ಉಗ್ರವಲ್ಲದಿದ್ದರೂ, ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನಿಂತಾಗಲೂ ಲೈನಿನ ವೋಲ್ಟು ಜಿಗಿಯುವುದುಂಟು. ಇಂಥ ಸಂದರ್ಭಕ್ಕೆ ಮಿತಿ ಮೀರಿದೊಡನೆ ಕರೆಂಟನ್ನು ಕಡಿದುಹಾಕುವ ಸೌಲಭ್ಯವಿರುವ ಸ್ಟೆಬಿಲೈಜರು ಉಪಯುಕ್ತವೇ ಹೌದು.

ಆದರೆ ಸ್ಟೆಬಿಲೈಜರು ಹಾಕಿ ನಿಶ್ಚಿಂತರಾಗುವವರು ಮನೆಯೊಳಗಿನ ಶತ್ರುವನ್ನು ಮರೆತಿರುತ್ತಾರೆ. 230 ವೋಲ್ಟನ್ನು 13.8ಕ್ಕೆ ಇಳಿಸಿಕೊಡುವ ಪವರ್ ಸಪ್ಲೈಯೇ ಆ ಶತ್ರು. ಹಳೆಯ ಮಾದರಿಯ, ಎತ್ತಲು ಎರಡು ಕೈ ಬೇಕಾಗುವ ಲೀನಿಯರ್ ಪವರ್ ಸಪ್ಲೈಯಲ್ಲಿ ಟ್ರಾನ್ಸ್‌ಫಾರ್ಮರು, ಡಯೋಡುಗಳು ಮತ್ತು ದೊಡ್ಡ ಕೆಪಾಸಿಟರು ಸೇರಿ ಮೊದಲು ಸುಮಾರು 22 ವೋಲ್ಟಿನ ಒರಟು ಡಿಸಿಯನ್ನು ತಯಾರಿಸುತ್ತವೆ. ಅದರಲ್ಲಿ ಬೇಡದ್ದನ್ನು ತಡೆಹಿಡಿದು 13.8ನ್ನಷ್ಟೇ ಹೊರಬಿಡುವ ಕೆಲಸ ಪಾಸ್ ಟ್ರಾನ್ಸಿಸ್ಟರುಗಳದು. 2ಎನ್3055 ಎಂಬ, ರೇಡಿಯೊ ರಿಪೇರಿಯವರಿಗೆಲ್ಲ ಪರಿಚಿತವಾದ ಟ್ರಾನ್ಸಿಸ್ಟರುಗಳನ್ನು ಇದಕ್ಕೆಂದೇ ನಾಲ್ಕಾರು ಜೋಡಿಸಿರುತ್ತಾರೆ. 100 ವ್ಯಾಟಿನ ರೇಡಿಯೊ ಪ್ರಸಾರದ ಹೊತ್ತಿನಲ್ಲಿ 20 ಆಂಪಿಯರಿನಷ್ಟು ಎಳೆಯುವುದರಿಂದ, ತಡೆದ 8.2 ವೋಲ್ಟು 164 ವ್ಯಾಟಿನ ಬಿಸಿಯಾಗುತ್ತದೆ, ಅಂದರೆ 25 ವ್ಯಾಟಿನ ಆರೇಳು ಸೋಲ್ಡರಿಂಗ್ ಐರನ್ನುಗಳನ್ನು ಒಂದೇ ಪೆಟ್ಟಿಗೆಗೆ ಕಟ್ಟಿದಷ್ಟು. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಧೂಳು ಕಟ್ಟಿದ ಹೀಟ್ ಸಿಂಕಿನ ಮೇಲೆ ಅವುಗಳಲ್ಲೊಂದು ಸೋತರೆ ಅದು ಸಾಮಾನ್ಯವಾಗಿ ಸಂಪರ್ಕ ಕಡಿದುಕೊಳ್ಳದೆ ಶಾರ್ಟ್ ಆಗುತ್ತದೆ. ತಡೆಯಬೇಕಾದದ್ದೇ ಬರೀ ತಂತಿಯಾದ ಮೇಲೆ ಪೂರ್ತಿ 22 ವೋಲ್ಟು ನೇರವಾಗಿ ರೇಡಿಯೊಗೆ ನುಗ್ಗುತ್ತದೆ.

ಫ್ಯೂಸ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಫ್ಯೂಸಿಗೆ ಗೊತ್ತಾಗುವುದು ಆಂಪಿಯರು, ವೋಲ್ಟಲ್ಲ. ಒಳಗೆ ಏನಾದರೂ ಸುಟ್ಟು ಶಾರ್ಟ್ ಆದ ಮೇಲೆಯೇ ಅದಕ್ಕೆ ಎಚ್ಚರ. ಈ ಕೊರತೆಯನ್ನು ತುಂಬುವ ಸರಳ ಉಪಾಯಕ್ಕೆ ಕ್ರೋಬಾರ್, ಅಂದರೆ ಹಾರೆ, ಎಂಬ ಹೆಸರಿದೆ. ಪ್ಲಸ್ ಮತ್ತು ಮೈನಸ್ ತಂತಿಗಳ ಮೇಲೆ ಕಬ್ಬಿಣದ ಹಾರೆಯೊಂದನ್ನು ಅಡ್ಡ ಎಸೆದರೆ ವೋಲ್ಟು ಕುಸಿದು ಫ್ಯೂಸ್ ಹಾರಿಹೋಗುವ ಹಾಗೆ, ಇದು ತಾನೇ ಶಾರ್ಟ್ ಮಾಡಿ ರೇಡಿಯೊವನ್ನು ಉಳಿಸುತ್ತದೆ. ಹಾರೆಯ ಪಾತ್ರ ಎಸ್‌ಸಿಆರ್ ಎಂಬ ಬಿಡಿಭಾಗದ್ದು: ಅದರ ಗೇಟ್ ಎಂಬ ಕಾಲಿಗೆ ಚಿಕ್ಕದೊಂದು ತಳ್ಳು ಸಿಕ್ಕರೆ ಅದು ಪೂರ್ತಿ ತೆರೆದುಕೊಂಡು, ಹರಿವು ನಿಲ್ಲುವ ತನಕ ಮುಚ್ಚುವುದೇ ಇಲ್ಲ. ಆ ತಳ್ಳು ಕೊಡುವುದು ಗೊತ್ತುಪಡಿಸಿದ ವೋಲ್ಟು ದಾಟಿದ ಮೇಲಷ್ಟೇ ಕರೆಂಟು ಬಿಡುವ ಝೀನರ್ ಡಯೋಡ್. ಅಂಗಡಿಯ 15 ವೋಲ್ಟಿನ ಝೀನರಿನಲ್ಲಿ ಶೇಕಡ 5ರಷ್ಟು ಆಚೀಚೆ ಇರುವುದರಿಂದಲೂ, ಗೇಟಿಗೆ ಮುಕ್ಕಾಲು ವೋಲ್ಟಿನಷ್ಟು ಬೇರೆ ಬೇಕಾಗುವುದರಿಂದಲೂ, ನಾಲ್ಕೈದನ್ನು ಅಳೆದು ಹಾರೆ 15 ವೋಲ್ಟಿನ ಸುಮಾರಿಗೆ ಬೀಳುವಂತೆ ಆರಿಸಿಕೊಳ್ಳುವುದು ಲೇಸು. ಫ್ಯೂಸನ್ನು ದೊಡ್ಡ ಕೆಪಾಸಿಟರಿಗೂ ಪಾಸ್ ಟ್ರಾನ್ಸಿಸ್ಟರುಗಳಿಗೂ ನಡುವೆ ಇಡಬೇಕು. ಔಟ್‌ಪುಟ್ಟಿಗೆ ಬ್ಯಾಟರಿಯನ್ನೂ ಜೋಡಿಸಿದ್ದರೆ ಅದಕ್ಕೆ ಪ್ರತ್ಯೇಕ ಫ್ಯೂಸ್ ಬೇಕು.

ಹಾರೆಗೂ ಒಂದು ಚಟವಿದೆ. ಮೈಕಿನ ಗುಂಡಿ ಒತ್ತಿದೊಡನೆ ರೇಡಿಯೊದ್ದೇ ಆಂಟೆನಾದ ಅಲೆಗಳು ಗೇಟಿನ ತಂತಿಗೆ ತಾಕಿ, ವೋಲ್ಟು ಸರಿಯಿದ್ದರೂ ಎಸ್‌ಸಿಆರ್ ತೆರೆದುಕೊಂಡು ರೇಡಿಯೊ ಆರಿಹೋಗುತ್ತದೆ. ಗೇಟಿಗೂ ಮೈನಸ್ಸಿಗೂ ನಡುವೆ 0.1 ಮೈಕ್ರೊಫ್ಯಾರಡಿನ ಪುಟ್ಟ ಕೆಪಾಸಿಟರು ಹಾಕಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಕಿರಿಕಿರಿ ತಾಳದೆ ಹಾರೆಯನ್ನೇ ಕಿತ್ತೆಸೆಯುವುದು ದಡ್ಡತನ. ಜೋಡಿಸಿದ ಮೇಲೆ ಪರೀಕ್ಷಿಸಲು ರೇಡಿಯೊ ಬೇಡ. ಆಟೊ ಗ್ಯಾರೇಜಿನಲ್ಲಿ ಸಿಗುವ 12 ವೋಲ್ಟಿನ ಬ್ರೇಕ್ ಲೈಟಿನ ಬಲ್ಬೊಂದನ್ನು ಕಟ್ಟಿ, ವೋಲ್ಟನ್ನೂ ಆಂಪಿಯರನ್ನೂ ಮಿತಿಗೊಳಿಸಬಲ್ಲ ಬೇರೊಂದು ಸಪ್ಲೈಯಿಂದ ನಿಧಾನವಾಗಿ ಏರಿಸುತ್ತ ಹೋದರೆ, ಬಲ್ಬು ಪ್ರಖರವಾಗುತ್ತ ಬಂದು 15ರ ಹತ್ತಿರ ಪಕ್ಕನೆ ಆರಬೇಕು. ಆರದಿದ್ದರೆ ಆ ಹಾರೆಯನ್ನು ನಂಬಬಾರದು.

ಹಗುರವಾದ ಈಚಿನ ಎಸ್‌ಎಂಪಿಎಸ್ ಸಪ್ಲೈಗಳಲ್ಲಿ ಈ ರಕ್ಷಣೆ ಬಹುಪಾಲು ಒಳಗೇ ಇರುತ್ತದೆ, ಕೊಳ್ಳುವಾಗ ಕೇಳಿ ಖಚಿತಪಡಿಸಿಕೊಂಡರಾಯಿತು. ಕಾಡಂಚಿನ ಹಳ್ಳಿಗಳಲ್ಲಿ ಸೋಲಾರ್ ನೆಚ್ಚುವವರು ಗಮನಿಸಬೇಕಾದದ್ದು ಬೇರೆ. 12 ವೋಲ್ಟಿನದೆಂದು ಮಾರುವ ಪ್ಯಾನೆಲ್ಲು ಲೋಡಿಲ್ಲದಾಗ ಬಿಸಿಲಿನಲ್ಲಿ 21 ವೋಲ್ಟಿನವರೆಗೂ ಕೊಡುತ್ತದೆ. ಬ್ಯಾಟರಿಯ ತಂತಿ ಕಳಚಿದ ಗಳಿಗೆಯಲ್ಲಿ ಚಾರ್ಜ್ ಕಂಟ್ರೋಲರು ಕೆಟ್ಟರೆ ಅಷ್ಟೂ ರೇಡಿಯೊ ಪಾಲು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ಲು. ಬಿಚ್ಚುವಾಗ ಮೊದಲು ಪ್ಯಾನೆಲ್ಲು, ಆಮೇಲೆ ಬ್ಯಾಟರಿ. ಇನ್ನು ಸಿಡಿಲಿಗೆ ಯಾವ ಹಾರೆಯೂ ಅಡ್ಡ ಬರಲಾರದು. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಮೋಡ ಕಟ್ಟುವುದು ಕಂಡರೆ ಗುಡುಗಿಗೆ ಕಾಯದೆ ಪ್ಲಗ್ ಕಿತ್ತು, ಆಂಟೆನಾ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ.